ಹದಿನಾಲ್ಕು ಮನೆ, ಒಂದೇ ಬುಟ್ಟಿ

ಸರ್ವೆಗೆ ಬಂದ ಅರ್ಪಣಾ ಮೇಡಂ ಬೂತಪ್ಪನ ಮನೆಯ ಮುಂಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ತರಕಾರಿ ಬುಟ್ಟಿ ಹಿಂಬಾಗಿಲಿಂದ ಒಳಗೆ ಹೋಗಬೇಕಿತ್ತು. ಹೋಯಿತು. ಚಿಕ್ಕಕ್ಕ ಅದನ್ನು ಒಲೆಯ ಪಕ್ಕಕ್ಕೆ ನೂಕಿ, ಹಿತ್ತಲ ಗೋಡೆಗೆ ಒರಗಿ ಉಸಿರು ಬಿಗಿಹಿಡಿದಳು.

ಒಳಗೆ ಮೇಡಂ ಮೊಬೈಲಿನಲ್ಲಿ ಫೋಟೋ ತೆಗೆದರು. "ಈ ಕುಂಬಳಕಾಯಿ ಎಲ್ಲೋ ನೋಡಿದ ಹಾಗಿದೆಯಲ್ಲ?"

"ಆಚೆಮನೇದು ನೋಡಿರ್ತೀರಿ ಮೇಡಂ," ಎಂದ ಬೂತಪ್ಪ. "ಇದು ಅದರ ತಮ್ಮ."

ಮೇಡಂ ನಕ್ಕರು. ಚಿಕ್ಕಕ್ಕನ ಉಸಿರು ಬಂತು.

ಕೊಪ್ಪ ಪೇಟೆಯ ಅಂಚಿನ ಈ ಕಾಲೋನಿಯಲ್ಲಿ ಹದಿನಾಲ್ಕು ಮನೆ. ಎಲ್ಲರಿಗೂ ಆಧಾರ್ ಇತ್ತು, ಆಹಾರದ್ದೇ ಕಷ್ಟ. ತರಕಾರಿ ಅಪರೂಪ, ತಕರಾರು ಮಾತ್ರ ದಿನಾ ತಾಜಾ. ಕೂಲಿ ಮುಗಿಸಿ ಪೇಟೆಗೆ ಹೋಗುವಷ್ಟರಲ್ಲಿ ಒಳ್ಳೆಯದೆಲ್ಲ ಖರ್ಚಾಗಿ, ಮೆತ್ತಗಾದ ಟೊಮೇಟೊ ಇವರನ್ನೇ ಕಾಯುತ್ತಿರುತ್ತಿತ್ತು. ಈಗ ಯಾವುದೋ ಸಂಸ್ಥೆ ಅಗ್ಗದ ತರಕಾರಿ ಅಂಗಡಿ ಹಾಕಿಕೊಡಲು ಹೊರಟಿತ್ತು. ಇಡೀ ತಾಲ್ಲೂಕಿನಲ್ಲಿ ಒಂದೇ ಕಾಲೋನಿಗೆ. ಅದಕ್ಕೇ ಈ ಸರ್ವೆ.

ಸರ್ವೆಯ ಮರ್ಮ ಬಲ್ಲವಳು ಚಿಕ್ಕಕ್ಕ. ಕಕ್ಕಸಿನ ಯೋಜನೆ ಬಂದಾಗ ಏನಾಯಿತು? ಕಟ್ಟಿ ತೋರಿಸಿದವರಿಗೆ ದುಡ್ಡು ಬಂತು. ಇಲ್ಲ ಎಂದು ಅತ್ತವರು ಇವತ್ತಿಗೂ ಚೊಂಬು ಹಿಡಿದು ಗುಡ್ಡ ಹತ್ತುತ್ತಾರೆ.

"ಮೊದಲು ತೋರಿಸ್ಬೇಕು ಮಾರಾಯ, ಆಮೇಲೆ ಕೊಡ್ತಾರೆ," ಎಂದು ಅವಳು ಬೂತಪ್ಪನಿಗೆ ಪಾಠ ಹೇಳಿದ್ದಳು. "ತರಕಾರಿ ತಿನ್ನದವರ ಕೇರಿಗೆ ಅಂಗಡಿ ಯಾರು ಹಾಕ್ತಾರೆ?" ಪೇಟೆಯಲ್ಲಿ ತರಕಾರಿ ಮಾರುವ ಸುಲೈಮಾನ್ ಸಾಬರನ್ನು ಕಾಡಿ ಬೇಡಿ, ಮನೆಯಿಂದ ಮನೆಗೆ ದಾಟಿಸಲು ಈ ಬುಟ್ಟಿ ತಂದವಳೂ ಅವಳೇ. ಸಾಬರದು ಒಂದೇ ಷರತ್ತು: ಒಂದು ಎಲೆಯೂ ಕಮ್ಮಿಯಾಗದೆ ಸಂಜೆಗೆ ವಾಪಸ್.

ಕೊನೆಯದು ಅವಳದೇ ಮನೆ. ಏಳು ತಿಂಗಳ ಬಸುರಿ ಸೊಸೆ ಚೈತ್ರ ಬುಟ್ಟಿಗೆ ಕೈ ಹಾಕಿದಳು.

"ಅತ್ತೆ, ಹರಿವೆ ಸೊಪ್ಪು ಒಂದು ಕಟ್ಟು ತೆಗೀಲಾ? ರಕ್ತ ಕಮ್ಮಿ ಉಂಟು, ಸೊಪ್ಪು ತಿನ್ನು ಅಂದಿದ್ರಲ್ಲ ಡಾಕ್ಟರು."

"ಮುಟ್ಬೇಡ. ಅಂಗಡಿ ಬರ್ಲಿ, ದಿನಾ ತಿನ್ನುವೆಯಂತೆ."

ಅಷ್ಟರಲ್ಲಿ ಮೇಡಂ ಒಳಗೆ ಬಂದರು. ಬುಟ್ಟಿ ನೋಡಿದರು. ಚೈತ್ರಳ ಬಿಳಿಚಿದ ಮುಖವನ್ನೂ ನೋಡಿದರು.

"ನಮಗೆ ಬೇರೆ ಥರ ಹೇಳಿದ್ರು. ಇಲ್ಲಿ ಸೊಪ್ಪೇ ಸಿಗಲ್ಲ ಅಂತ."

"ಯಾರೋ ನಮಗೆ ಆಗದವರು ಮೇಡಂ," ಎಂದಳು ಚಿಕ್ಕಕ್ಕ. "ಇವಳಿಗೆ ಸೊಪ್ಪು ತಿಂದೂ ತಿಂದೂ ಬೇಜಾರಾಗಿದೆ."

ಚೈತ್ರ ತಲೆ ತಗ್ಗಿಸಿದಳು. ಮೇಡಂ ಮೊಬೈಲಿನಲ್ಲಿ ಏನೋ ಒತ್ತಿ, "ತುಂಬಾ ಸಂತೋಷ" ಎಂದು ಹೊರಟರು.

ಹದಿನೈದು ದಿನಕ್ಕೆ ಸಂಸ್ಥೆಯ ವ್ಯಾನು ಬಂತು. ಅಂಗಡಿಗೆಂದು ಚಿಕ್ಕಕ್ಕ ಸಗಣಿ ಸಾರಿಸಿಟ್ಟ ಜಾಗದಲ್ಲೇ ನಿಂತಿತು. ಕಾಲೋನಿಯೆಲ್ಲ ಚಪ್ಪಾಳೆ ತಟ್ಟಿತು. ವ್ಯಾನಿನಿಂದ ಇಳಿದದ್ದು ಮೇಡಂ ಮತ್ತು ಗಾಜು ಹಾಕಿಸಿದ ಒಂದು ಪ್ರಮಾಣಪತ್ರ. ಚಿಕ್ಕಕ್ಕ ಅದನ್ನು ಅಕ್ಷರ ಬಲ್ಲ ಸೊಸೆಯ ಕೈಗೆ ಕೊಟ್ಟಳು.

"ತಾಜಾ ತರಕಾರಿ ಇಲ್ಲದ ಮನೆಗಳು: ಸೊನ್ನೆ," ಚೈತ್ರ ನಿಧಾನವಾಗಿ ಓದಿದಳು. "ಮಾದರಿ ಕಾಲೋನಿ. ಇಲ್ಲಿಗೆ ಅಂಗಡಿಯ ಅಗತ್ಯವಿಲ್ಲ."