ಮನ್ಮಥಪ್ಪನ ಗಾಡಿಗೆ ದೀಪ

ಬಾಡಿಗೆ ಹೊಡೆಯದವನ ಗಾಡಿಗೆ ಇಷ್ಟೊಂದು ದೀಪ ಯಾಕೆ? ಕಂಡಕ್ಟರ್ ಕಾಶಿನಾಥನ ತಲೆಯಲ್ಲಿ ಮೂರು ದಿನದಿಂದ ಇದೊಂದೇ ಪ್ರಶ್ನೆ.

ತೆಲಂಗಾಣ ರಾಜ್ಯ ಬೇಕೆಂದು ಹೂಡಿದ ಸಕಲ ಜನರ ಸಮ್ಮೆಗೆ, ಅಂದರೆ ಮುಷ್ಕರಕ್ಕೆ, ಬಸ್ಸುಗಳೆಲ್ಲ ಡಿಪೋದೊಳಗೆ ಸೇರಿ ಮೂರನೇ ವಾರ. ಜಹೀರಾಬಾದಿನ ಡಿಪೋ ಗೇಟಿನೆದುರು ಶಾಮಿಯಾನ ಹಾಕಿದ್ದರು. ಡ್ರೈವರು, ಕಂಡಕ್ಟರು ಎಲ್ಲರೂ ದಿನವೂ ಅದರಡಿ ಬಂದು ಕೂರಬೇಕು. ಬಾರದವನ ಹೆಸರು ಸಂಜೆ ಮೈಕಿನಲ್ಲಿ ಕೇಳಿಸುತ್ತಿತ್ತು. ರಸ್ತೆಯ ಮೇಲೆ ಆಟೋ, ಜೀಪುಗಳದೇ ರಾಜ್ಯ. ಜನರನ್ನು ಸೆಳೆಯಲು ಜೀಪಿನವರು ಗಾಡಿಯ ಮೈತುಂಬ ಬಣ್ಣದ ದೀಪ ಹಚ್ಚುವುದು ಹೊಸದೇನಲ್ಲ. ಈಗ ಬೈಕಿನವರೂ ಕಲಿತಿದ್ದರು. ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಅದೇ ಬಾಡಿಗೆ. ಆದರೆ ಸಮ್ಮೆಗೆ ಕೂತ ಡ್ರೈವರನೇ ಬಾಡಿಗೆ ಹೊಡೆದರೆ ಅದಕ್ಕೆ ದ್ರೋಹ ಎನ್ನದೆ ಇನ್ನೇನೆನ್ನಬೇಕು?

ಡ್ರೈವರ್ ಮನ್ಮಥಪ್ಪ ಅಂಥವನೆಂದು ನಂಬುವುದು ಕಷ್ಟವಿತ್ತು. ಹಣೆಯ ತುಂಬ ವಿಭೂತಿ. ಸ್ಟೇರಿಂಗ್ ಮುಟ್ಟುವ ಮೊದಲು ಶಿವನ ಹೆಸರು. ನಾರಾಯಣಖೇಡದ ಬಸ್ಸಿನಲ್ಲಿ ಹನ್ನೊಂದು ವರ್ಷ ಕಾಶಿನಾಥ ಅವನ ಜೋಡಿ ತಿರುಗಿದ್ದ, ಅವನ ಬುತ್ತಿಯ ಜೋಳದ ರೊಟ್ಟಿ ತಿಂದಿದ್ದ.

ಕಾಶಿನಾಥ ಸೀದಾ ಬೀರಣ್ಣನ ಅಂಗಡಿಗೆ ಹೋದ. ಗಾಡಿಗಳ ವೈರಿಂಗ್ ಮಾಡುವ ಬೀರಣ್ಣ ಏನನ್ನೂ ಮುಚ್ಚಿಡಲಿಲ್ಲ. ಮನ್ಮಥಪ್ಪನ ಬೈಕಿನ ಟ್ಯಾಂಕಿನ ಕೆಳಗೆ, ಎರಡೂ ಮಗ್ಗುಲಿಗೆ, ಸೀಟಿನ ಹಿಂದೆ ಎಲ್‌ಇಡಿ ಪಟ್ಟಿ ಅಂಟಿಸಿದ್ದು ತಾನೇ. ಹಿಂದೆ ಮುಂದೆ ಹೊಸ ಇಂಡಿಕೇಟರುಗಳನ್ನೂ ಕೂರಿಸಿದ್ದ. ಅವು ಹತ್ತಿದ್ದು ಕಿವಿಗೆ ಜೋರಾಗಿ ಕೇಳಬೇಕೆಂದು ಮನ್ಮಥಪ್ಪ ಬಜರ್ ಬೇರೆ ಹಾಕಿಸಿಕೊಂಡನಂತೆ. ಹೆಡ್‌ಲೈಟು ಮಂಕಾಗಿದೆ, ಅದನ್ನೂ ಬದಲಿಸಲೇ ಎಂದರೆ ಬೇಡವೆಂದನಂತೆ.

“ದೂರದಿಂದ ಮಂದಿಗಿ ನಾ ಕಂಡ್ರ ಸಾಕು ಅಂದ್ರು,” ಎಂದ ಬೀರಣ್ಣ. “ಈ ವಯಸ್ಸಿನ್ಯಾಗ ಮತ್ತೊಮ್ಮಿ ಮದುವಿ ಮಾಡ್ಕೋತೀರೇನ್ರಿ ಅಂತ ನಾನೂ ಚೇಷ್ಟಿ ಮಾಡ್ದೆ. ನಗಲಿಲ್ಲ.”

ಇನ್ನೊಂದು ಸಂಗತಿಯನ್ನೂ ಹೇಳಿದ. ಮನ್ಮಥಪ್ಪ ಕೇಳಿದ್ದು ತೆಲಂಗಾಣ ಚಳವಳಿಯ ಬಾವುಟದ ಗುಲಾಬಿ ಬಣ್ಣ. ಅದು ಸಿಗದೆ ಬೀರಣ್ಣ ನೀಲಿ ಪಟ್ಟಿ ಹಚ್ಚಿ, ಬೈಸಿಕೊಳ್ಳಲು ತಯಾರಾಗಿ ನಿಂತಿದ್ದ. ಮನ್ಮಥಪ್ಪ ಚಲೋ ಆತು ಎಂದಷ್ಟೇ ಹೇಳಿ ಹೊರಟುಹೋದ.

ಅಂದರೆ ಆ ಬಣ್ಣದ ಅಭಿಮಾನವೂ ತೋರಿಕೆಯದು. ಕಾಶಿನಾಥನಿಗೆ ಚುಚ್ಚಿದಂತಾಯಿತು.

ಮರುದಿನದಿಂದ ಅವನು ಗೇಟಿನ ಬಳಿ ಕಾದು ನಿಂತ. ನ್ಯಾಲ್ಕಲ್ ದಾರಿಯಿಂದ ಮನ್ಮಥಪ್ಪನ ಗಾಡಿ ಮೆಲ್ಲಗೆ ಬರುತ್ತಿತ್ತು. ಸೋಮವಾರ ಹಿಂದೆ ಅವನ ಹೆಂಡತಿ ರುಕ್ಮಿಣಿಬಾಯಿ. ಮಂಗಳವಾರ ಅವನೂರಿನ ಪೋಚಪ್ಪ. ಬುಧವಾರ, ಪಸ್ತಾಪುರದ ಮಹಿಳಾ ಸಂಘಕ್ಕೆ ಹೋಗುವ ಜನಾಬಾಯಿ. ಯಾರೇ ಇರಲಿ, ದಾರಿಯುದ್ದಕ್ಕೂ ಅವನ ಕಿವಿಯ ಬಳಿ ಬಾಗಿ ಮಾತಾಡುತ್ತಲೇ ಬರುತ್ತಿದ್ದರು. ಬಾಡಿಗೆಯ ಚೌಕಾಸಿ ಇಷ್ಟು ಹೊತ್ತೇ ಎಂದು ಕಾಶಿನಾಥನಿಗೆ ನಗು ಬಂತು. ಒಬ್ಬನೇ ಬಂದ ದಿನವೊಂದಿಲ್ಲ.

ಬುಧವಾರವೇ ಶಿಬಿರದಲ್ಲಿ ಕೆಲವರು ಸಂಬಳವಿಲ್ಲದೆ ಮನೆ ನಡೆಯದು, ಸಮ್ಮೆ ಸಾಕು ಎಂದು ಗೊಣಗಿದರು. ಮನ್ಮಥಪ್ಪ ಎದ್ದು ನಿಂತ.

“ಇನ್ನೊಂದು ತಿಂಗಳು ನಡೀಲಿ. ಬಸ್ಸು ಹೊರಗ ತೆಗ್ಯಾದು ಬ್ಯಾಡ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಶಿನಾಥ ತಟ್ಟಲಿಲ್ಲ. ಬಸ್ಸು ನಿಂತಷ್ಟು ದಿನ ಬೈಕಿಗೆ ಬಾಡಿಗೆ. ಲೆಕ್ಕ ಅವನಿಗೆ ತಿಳಿದಿತ್ತು.

ಗುರುವಾರ ಕಾಶಿನಾಥ ಎಲ್ಲರೆದುರು ಬಾಯಿಬಿಟ್ಟ. ದೀಪ, ಬಜರ್, ನೀಲಿ ಬಣ್ಣ, ದಿನಕ್ಕೊಬ್ಬರು ಹಿಂದಿನ ಸೀಟಿನಲ್ಲಿ, ಒಂದನ್ನೂ ಬಿಡದೆ ಹೇಳಿದ. ಮನ್ಮಥಪ್ಪ ಕೇಳುತ್ತ ಕೂತ.

“ನಾ ಹೇಳಿದ್ದು ಸುಳ್ಳಾದ್ರ ನಾಳಿಂದ ಒಬ್ಬರೇ ಬರ್ರಿ ಅಣ್ಣ,” ಎಂದ ಕಾಶಿನಾಥ. “ಹಿಂದ ಯಾರೂ ಕೂಡಬಾರದು. ನಿಮ್ಮ ಕಾಲು ಹಿಡಿತೀನಿ. ಆಗಲ್ಲ ಅಂದ್ರ, ತಪ್ಪಾತು ಅಂತ ಬರದು ಕೊಡ್ರಿ.”

ಆ ದಿನ ಗಂಡನ ಹಿಂದೆ ಕೂತು ಬಂದು, ಶಾಮಿಯಾನದ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದ ರುಕ್ಮಿಣಿಬಾಯಿ ದಡಬಡಿಸಿ ಎದ್ದಳು. ಅವಳ ಬಳೆಗಳ ಸಪ್ಪಳಕ್ಕೇ ಮನ್ಮಥಪ್ಪ ಕೈಯೆತ್ತಿ ತಡೆದ.

“ನೀ ಸುಮ್ಮನಿರು.”

ಆಮೇಲೆ ಹಣೆಯ ವಿಭೂತಿಯನ್ನು ಮುಟ್ಟಿಕೊಂಡ. ಒಳಗೇ ಶಿವನನ್ನು ಕೇಳುತ್ತಿದ್ದನೋ ಏನೋ. ಕೊನೆಗೆ ಹೇಳಿದ:

“ಹೌದು. ಬಾಡಿಗಿ ಹೊಡದೀನಿ. ತಪ್ಪಾತು.”

ಯಾರೋ ದ್ರೋಹಿ ಎಂದರು. ಅವನ ಬಸ್ಸಿನಲ್ಲೇ ಕೆಲಸ ಕಲಿತ ಒಬ್ಬ ಅವನ ಕಾಲ ಬಳಿ ಉಗುಳಿ ಹೊರಗೆ ನಡೆದ. ಮನ್ಮಥಪ್ಪ ಅಲುಗಲಿಲ್ಲ.

ಕಾಶಿನಾಥ ತಪ್ಪೊಪ್ಪಿಗೆಯನ್ನು ತಾನೇ ಬರೆದು ಓದಿ ಹೇಳಿದ. ಬರೆಯುವಷ್ಟರಲ್ಲಿ ಅವನ ಸಿಟ್ಟು ಇಳಿದಿತ್ತು. ಹನ್ನೊಂದು ವರ್ಷದ ರೊಟ್ಟಿ ನೆನಪಾಗಿತ್ತು. ಮೈಕು ತೆಗೆದುಕೊಂಡು, ಇವರು ತಪ್ಪು ಒಪ್ಪಿಕೊಂಡರು, ಇಲ್ಲಿಗೆ ಮುಗಿಯಿತು, ಇನ್ನು ಯಾರೂ ಆಡಿಕೊಳ್ಳಬಾರದು ಎಂದ.

“ಸಮ್ಮಿ ಮುಗಿದ ದಿನ ನಾರಾಯಣಖೇಡಕ್ಕ ಮೊದಲನೇ ಬಸ್ಸು ನಮ್ಮ ಮನ್ಮಥಣ್ಣನೇ ಹೊಡೀಬೇಕು. ಟಿಕೀಟು ಹರಿಯಾಕ ನಾ ಇರ್ತೀನಿ.”

ಚಪ್ಪಾಳೆ ಬಿತ್ತು. ರುಕ್ಮಿಣಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಲ್ಲೇ ಕುಸಿದಳು. ಕಾಶಿನಾಥ ಅದನ್ನು ಸಂತೋಷದ ಅಳು ಎಂದುಕೊಂಡ. ಬಿಳಿ ಚಾದರ ಹಾಸಿದ ಮೇಜಿನ ಮೇಲೆ ಕಾಗದವಿಟ್ಟು, ಪೆನ್ನನ್ನು ಮನ್ಮಥಪ್ಪನ ಕೈಗೆ ಕೊಟ್ಟು, ಸಹಿ ಹಾಕ್ರಿ ಅಣ್ಣ ಎಂದ.

ಮನ್ಮಥಪ್ಪ ಬಾಗಿ ತನ್ನ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದ, ಕಾಗದದಿಂದ ಗೇಣು ದೂರದಲ್ಲಿ, ಬರೀ ಚಾದರದ ಮೇಲೆ.