ತನ್ನದಲ್ಲದ ಬೆಸುಗೆ

ಆ ಬೆಸುಗೆ ಅವನದಾಗಿರಲಿಲ್ಲ.

ಊರವರು ರೇಡಿಯೊ ಡಾಕ್ಟರ್ ಎಂದು ಕರೆಯುತ್ತಿದ್ದ ಆ ಮೆಕ್ಯಾನಿಕ್ ಭೂತಗನ್ನಡಿ ಹಿಡಿದು ಮತ್ತೆ ನೋಡಿದ. ಅವನಾದರೆ ಯಾವಾಗಲೂ ತಂತಿಯ ತುದಿಯನ್ನು ಒಳಕ್ಕೆ ಮಡಚಿ ಬೆಸೆಯುತ್ತಿದ್ದ. ಇಲ್ಲಿ ತುದಿಯನ್ನು ಓರೆಯಾಗಿ ಕತ್ತರಿಸಿದ್ದರು. ಈಚೆಗಷ್ಟೇ ತಾನೇ ರಿಪೇರಿ ಮಾಡಿ ಕಳಿಸಿದ್ದ ಹಳೆಯ ವಾಲ್ವ್ ರೇಡಿಯೊ. ಸ್ಟೇಷನ್ ತೋರಿಸುವ ಮುಳ್ಳನ್ನು ಎಳೆಯುವ ದಾರ ತುಂಡಾಯಿತೆಂದು ವಾಪಸು ಬಂದಿತ್ತು. ನಡುವೆ ಯಾರೋ ಇದರ ಹೊಟ್ಟೆಗೆ ಕೈ ಹಾಕಿದ್ದಾರೆ.

ಯಾರೆಂದು ಯೋಚಿಸಬೇಕಾಗಿರಲಿಲ್ಲ. ಹಾಗೆ ಓರೆಯಾಗಿ ಕತ್ತರಿಸುವವನು ಒಬ್ಬನೇ, ಅವನ ಹಳೆಯ ಶಿಷ್ಯ. ಇದೇ ಬೆಂಚಿನಲ್ಲಿ ಕೂತು ಕೆಲಸ ಕಲಿತವನು. ಕಲಿತ ಮೇಲೆ ಕೊಂಬು ಬಂತು. ಒಂದು ದಿನ ಗಿರಾಕಿಯ ಎದುರಿಗೇ, "ಗುರುಗಳೇ, ಇನ್ನೂ ಸಿಳ್ಳೆ ಹೊಡೀತಿದೆ" ಎಂದ. ಸಿಳ್ಳೆಯೂ ಇರಲಿಲ್ಲ, ಗಿಳ್ಳೆಯೂ ಇರಲಿಲ್ಲ. ಡಾಕ್ಟರ್ ಅವತ್ತೇ ಅವನನ್ನು ಹೊರಗಟ್ಟಿದ. ಈಗ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನದೇ ಅಂಗಡಿ.

ಬೇರೆ ಕಾರಣಕ್ಕೆ ವಾಪಸು ಬಂದಿದ್ದ ಇನ್ನೆರಡು ರೇಡಿಯೊಗಳ ಬೆನ್ನು ಬಿಚ್ಚಿದ. ಅಲ್ಲೂ ಓರೆ ತುದಿ. ಡಾಕ್ಟರನಿಗೆ ಮಂಡಿನೋವು ಶುರುವಾದಾಗಿನಿಂದ ರೇಡಿಯೊಗಳನ್ನು ಕೈಗಾಡಿಯಲ್ಲಿಟ್ಟು ಗಿರಾಕಿಗಳ ಮನೆಗೆ ತಲುಪಿಸುತ್ತಿದ್ದವಳು ಅವನ ಹೆಂಡತಿ.

ಅವಳು ಬದಲಾಗಿದ್ದಳು, ನಿಜ. ಊಟಕ್ಕೆ ಬಾಯಿಬಿಟ್ಟು ಕರೆಯುವುದನ್ನೇ ನಿಲ್ಲಿಸಿದ್ದಳು. ಬಾಗಿಲಲ್ಲಿ ನಿಂತು ದೀಪವನ್ನು ಎರಡು ಸಲ ಆರಿಸಿ ಹೊತ್ತಿಸುವಳು, ಅಷ್ಟೇ ಕರೆ. ಗಿರಾಕಿ ಬಂದರೆ ಹೊಸ್ತಿಲಲ್ಲೇ ತಡೆದು ಪಿಸುಪಿಸು. ಡಾಕ್ಟರ್ ತಲೆಯೆತ್ತಿದರೆ ಇಬ್ಬರ ಬಾಯಿಗೂ ಬೀಗ. ಊರಿಗೆಲ್ಲ ಮಾತು, ಗಂಡನಿಗೆ ಮಾತ್ರ ಬರ.

ಆ ವಾರ ಬೆಂಚಿನ ಮೇಲೆ ನಿವೃತ್ತ ಹೆಡ್‌ಮಾಸ್ಟರರ ರೇಡಿಯೊ ಇತ್ತು. ಸ್ಟೇಷನ್ ಹಿಡಿದಾಗಲೆಲ್ಲ ಸಿಳ್ಳೆ ಎಂದು ಅವರ ದೂರು. ಡಾಕ್ಟರ್ ಸೋರಿದ ಕಂಡೆನ್ಸರ್‌ಗಳನ್ನು ಕಿತ್ತು ಹೊಸದು ಹಾಕಿದ, ವಾಲ್ವ್‌ಗಳ ಕಾಲು ಉಜ್ಜಿದ, ಮೀಟರಿನ ಮುಳ್ಳು ನೋಡುತ್ತ ಕಾಯಿಲ್‌ಗಳನ್ನು ಹದಕ್ಕೆ ತಂದ. ಸ್ಟೇಷನ್ ಸರಿಯಾಗಿ ಕೂತಾಗ ಮುಚ್ಚಿಕೊಳ್ಳುವ ಹಸಿರು ಕಣ್ಣು ಚೆನ್ನಾಗಿ ಮುಚ್ಚಿತು. ಜನ ಸುಳ್ಳು ಹೇಳಬಹುದು, ಮುಳ್ಳು ಹೇಳುವುದಿಲ್ಲ ಎಂಬುದು ಅವನ ನಂಬಿಕೆ. ಕೊನೆಗೆ ಹಿಂಬದಿಯ ಸ್ಕ್ರೂಗೆ ಹೆಂಡತಿಯ ಕೆಂಪು ಉಗುರುಬಣ್ಣವನ್ನೇ ಒಂದು ಹನಿ ಬಿಟ್ಟ. ಬಿಚ್ಚಿದರೆ ಗೊತ್ತಾಗಲಿ.

"ಇದನ್ನ ನಾನೇ ಕೊಟ್ಟು ಬರ್ತೀನಿ," ಎಂದು ಅವಳ ಮುಖ ನೋಡಿದ.

"ಮಂಡಿ ನೋಯಿಸ್ಕೊಂಡು ನೀವ್ಯಾಕೆ? ನಾನಿಲ್ವಾ?" ಎಂದು ಅವಳು ಆಗಲೇ ಗಾಡಿ ಎಳೆದಳು.

ಅವನು ದೂರದಿಂದ ಹಿಂಬಾಲಿಸಿದ. ಗಾಡಿ ಹೆಡ್‌ಮಾಸ್ಟರರ ಬೀದಿಯನ್ನು ದಾಟಿ ಮಾರುಕಟ್ಟೆಯತ್ತ ತಿರುಗಿತು. ಶಿಷ್ಯನ ಅಂಗಡಿಯ ಗಾಜಿನಾಚೆ ಎಲ್ಲ ಕಾಣುತ್ತಿತ್ತು. ಶಿಷ್ಯ ಕೆಂಪು ಹಚ್ಚಿದ ಸ್ಕ್ರೂ ಬಿಚ್ಚಿದ, ಒಂದು ಕಂಡೆನ್ಸರ್ ಬದಲಿಸಿದ. ಅವಳು ಮನೆಯವಳ ಹಾಗೆ ಸ್ಟೂಲಿನ ಮೇಲೆ ಕೂತಿದ್ದಳು. ಏನೋ ಹೇಳುತ್ತ ಮುಖ ಮುಚ್ಚಿಕೊಂಡಳು. ಶಿಷ್ಯ ಅವಳ ಭುಜದ ಮೇಲೆ ಕೈಯಿಟ್ಟ.

ಡಾಕ್ಟರ್ ಬಾಗಿಲು ನೂಕಿದ.

"ಗುರುಗಳೇ, ಕೂತ್ಕೊಳ್ಳಿ," ಶಿಷ್ಯ ಎದ್ದು ನಿಂತ.

"ಏನು ನಡೀತಿದೆ ಇಲ್ಲಿ?" ಎಂದು ಡಾಕ್ಟರ್ ಹೆಂಡತಿಯನ್ನು ಕೇಳಿದ.

"ನಿಮ್ಮ ಹೆಸರು ಉಳಿಸ್ತಿದೀನಿ."

"ನನ್ನ ಕೈಕೆಲಸದಲ್ಲಿ ಏನು ತಪ್ಪಿದೆ?"

"ನಿಮ್ಮ ಕೈಯಲ್ಲಿ ಏನೂ ತಪ್ಪಿಲ್ಲ."

"ಮತ್ತೆ ನನಗೆ ಹೇಳ್ದೆ ಕದ್ದು ಯಾಕೆ?"

ಅವಳು ಶಿಷ್ಯನತ್ತ ನೋಡಿದಳು. "ಹೇಳಿದವನನ್ನ ಏನು ಮಾಡಿದ್ರಿ ಅಂತ ನೋಡಿದೀನಲ್ಲ."

ಆಮೇಲೆ ಗೋಡೆಯ ಕಡೆ ತಿರುಗಿ ಏನೋ ಗೊಣಗಿದಳು. ಎದುರಿಗೆ ಹೇಳುವ ಧೈರ್ಯವಿಲ್ಲದವರ ಅಭ್ಯಾಸ ಅದು.

"ಮನೆ ಕಡೆ ಬರ್ಬೇಡ. ಇವನ ಹತ್ರಾನೇ ಇರು," ಎಂದು ಡಾಕ್ಟರ್ ರೇಡಿಯೊ ಎತ್ತಿ ಗಾಡಿಗೆ ಹಾಕಿದ.

ಕುಂಟುತ್ತಲೇ ಗಾಡಿ ಎಳೆದ. ದಾರಿಯಲ್ಲಿ ಒಂದು ಸೈಕಲ್ ತೋಳು ಸವರಿಕೊಂಡೇ ಹೋಯಿತು. ಸವಾರ ತಿರುಗಿ ನೋಡಿ ಕೈ ಝಾಡಿಸಿ ಬೈದ. ತಾನೇ ಬಂದು ಗುದ್ದಿ ತಾನೇ ಬೈಯುವ ಕಾಲ ಇದು. ಬೆಲ್ ಹೊಡೆಯುವಷ್ಟು ಸೌಜನ್ಯವೂ ಈಗಿನವರಿಗಿಲ್ಲ.

ಮನೆಗೆ ಬಂದವನೇ ಶಿಷ್ಯ ಹಾಕಿದ್ದ ಕಂಡೆನ್ಸರನ್ನು ಕಿತ್ತೆಸೆದು ತನ್ನದನ್ನೇ ಹಾಕಿದ. ತಂತಿಯ ತುದಿಯನ್ನು ಒಳಕ್ಕೆ ಮಡಚಿದ. ಸ್ವಿಚ್ ಹಾಕಿದ. ವಾಲ್ವ್‌ಗಳು ಕೆಂಪಗಾದವು, ಹಸಿರು ಕಣ್ಣು ಮುಚ್ಚಿತು. ದನಿ ಏರಿಸುವ ಗುಂಡಿ ತಿರುಗಿಸಿದ. ಇನ್ನಷ್ಟು ತಿರುಗಿಸಿದ. ವಾರ್ತೆ ಓದುವವನ ದನಿ ಮೆತ್ತಗೆ, ಹದವಾಗಿ ಬಂತು. ಸಿಳ್ಳೆಯ ಸುಳಿವೂ ಇಲ್ಲ.

"ಎಲ್ಲಿದೆ ತಪ್ಪು? ತೋರ್ಸು," ಎಂದು ಅಡುಗೆಮನೆಯ ಕಡೆ ಮುಖ ಮಾಡಿ ಹೇಳಿದ. ಅಲ್ಲಿ ಯಾರೂ ಇರಲಿಲ್ಲ. ಗೆದ್ದವನು ತಾನೇ, ಆದರೂ ಅಳು ಬರುವಂತಾಯಿತು. ಇಷ್ಟು ವರ್ಷ ಜೊತೆಗಿದ್ದವಳು ಒಂದು ಮಾತು ಹೇಳಬಹುದಿತ್ತು.

ಆಗ ದೀಪ ಆರಿ ಹೊತ್ತಿತು. ಮತ್ತೊಮ್ಮೆ ಆರಿ ಹೊತ್ತಿತು.

ಬಂದಳು. ಕ್ಷಮೆ ಕೇಳಲಿ, ಆಮೇಲೆ ನೋಡೋಣ ಎಂದುಕೊಂಡು ನಿಧಾನವಾಗಿ ತಿರುಗಿದ.

ಸ್ವಿಚ್ಚಿನ ಬಳಿ ಎದುರು ಮನೆಯವಳು ನಿಂತಿದ್ದಳು. ಅವಳ ಹಿಂದೆ ಬೀದಿಯವರೆಲ್ಲ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಿದ್ದರು. ಅವಳ ಸೊಂಟದ ಮೇಲಿನ ಕೂಸು ಬಾಯಿ ಅಗಲಿಸಿ, ಒಂದಿಷ್ಟೂ ಸದ್ದಿಲ್ಲದೆ ಅಳುತ್ತಿತ್ತು.