ಮೀಸಲು ತುಪ್ಪ

ಹುಲ್ಲಿನ ಹೊರೆಯನ್ನು ಅಂಗಳದಲ್ಲಿ ಒಗೆದು ಒಳಗೆ ಬಂದ ಮರುಳಸಿದ್ದಮ್ಮ ಹೊಸ್ತಿಲ ಮೇಲೇ ನಿಂತುಬಿಟ್ಟಳು. ಮನೆ ತುಂಬ ಘಮಘಮ. ಹೋಳಿಗೆಯದಲ್ಲ, ಹುರಿದ ಶೇಂಗಾದ್ದಲ್ಲ. ಇಟ್ಟಿಗಿ ಊರಿನ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಮ್ಮೆಯೂ ಅವಳ ಮೂಗಿಗೆ ಬಡಿಯದ ವಾಸನೆ. ಒಲೆಯ ಮುಂದೆ ಅವಳ ಹೊಸ ಸೊಸೆ ಭೂಮಿಕಾ ದೊಡ್ಡ ಬೋಗುಣಿಯನ್ನು ಕಾಯುತ್ತ ಕೂತಿದ್ದಳು.

"ಏನ್ ಬೇಯಾಕ ಇಟ್ಟೀಯವ್ವ?"

"ಬಿಸ್ಕೀಟು, ಅತ್ತಿ. ಡಬ್ಬಿ ತಳದಾಗ ಗೋಧಿಹಿಟ್ಟು, ಪುಠಾಣಿ, ಎಳ್ಳು ಎಲ್ಲಾ ಒಂದೀಟೀಟು ಉಳಿದಿದ್ವು. ಹುಳ ಬೀಳಾದು ಬ್ಯಾಡ ಅಂತ ಬೆಲ್ಲ ಹಾಕಿ ಕಲಸೀನಿ. ಫೋನಿನ್ಯಾಗ ನೋಡಿದ್ದೆ."

ಮುಚ್ಚಳ ಸರಿಸಿದಳು. ಬೋಗುಣಿಯಲ್ಲಿ ನೀರಿಲ್ಲ, ಎಣ್ಣೆಯಿಲ್ಲ, ಬರೀ ಹಳ್ಳದ ಉಸುಕು! ಉಸುಕಿನ ಮೇಲೊಂದು ತಟ್ಟೆ, ತಟ್ಟೆಯ ತುಂಬ ಹೊಂಬಣ್ಣದ ಬಿಲ್ಲೆಗಳು ಉಬ್ಬಿ, ಮೈ ಬಿರಿದು ಕೂತಿದ್ದವು. ಜೀವಮಾನವೆಲ್ಲ ಕುದಿಸಿ, ಕರಿದು, ಸುಟ್ಟು ಗೊತ್ತಿದ್ದ ಮರುಳಸಿದ್ದಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡಳು.

"ಉರಿ ತಾಕಿಲ್ಲ, ನೀರು ತಾಕಿಲ್ಲ. ಹೆಂಗ್ ಬೆಂದ್ವು ಇವು?"

"ಬರೀ ಕಾವಿಗೆ, ಅತ್ತಿ."

"ಶಿವನೇ! ಎಂಥಾ ಕಾಲ ಬಂತಪ್ಪ."

ಭೂಮಿಕಾ ಒಂದನ್ನು ಊದಿ ಆರಿಸಿ ಅತ್ತೆಯ ಅಂಗೈಗಿಟ್ಟಳು. ಹಲ್ಲು ತಾಗಿದ್ದೇ ತಡ, ಅದು ಬಾಯಲ್ಲಿ ಕರಗಿತು. ಬೆಲ್ಲ, ಎಳ್ಳು, ಪುಠಾಣಿ ಎಲ್ಲ ಬಲ್ಲ ರುಚಿಗಳೇ. ಆದರೆ ಅವುಗಳ ಹಿಂದಿನಿಂದ ಇನ್ನೊಂದು ಬಂತು, ನಾಲಿಗೆ ತುಂಬ ಹರಡಿ ಎದೆಗಿಳಿಯುವಂಥದ್ದು. ಕುರಿ ಹೊಡೆದುಕೊಂಡು ಸಿರುಗುಪ್ಪದ ಕಡೆ ಹೋದ ಮಗ ಹೊನ್ನೂರಸ್ವಾಮಿ ಬಾಯಿಗೆ ಇದೊಂದು ಚೂರು ಬಿದ್ದಿದ್ದರೆ ಎನ್ನಿಸಿ ಅವಳ ಕಣ್ಣು ತುಂಬಿದವು. ಸುಳ್ಳೇಕೆ, ತಾನಿರುವುದು ಇಟ್ಟಿಗಿಯೋ ಕೈಲಾಸವೋ ಎಂದು ಒಂದು ಗಳಿಗೆ ಅವಳಿಗೆ ತಿಳಿಯದಾಯಿತು.

"ಇಷ್ಟು ರುಚಿ ಎಲ್ಲಿಂದ ಬಂತವ್ವ ಇದಕ್ಕ?"

"ತುಪ್ಪದ್ದು ಇರಬೇಕು, ಅತ್ತಿ. ನಮ್ ಡಬ್ಬ್ಯಾಗ ಮುಗಿದಿತ್ತು. ಮ್ಯಾಲೆ ನೆಲುವಿನ್ಯಾಗ ಒಂದು ಕುಡಿಕಿ ಇತ್ತಲ್ಲ, ಯಾರೂ ಮುಟ್ಟವಲ್ರು, ಕೆಟ್ಟು ಹೋಗ್ತೈತಿ ಅಂತ ಇಳಿಸಿದೆ."

ಮರುಳಸಿದ್ದಮ್ಮನ ಬಾಯೊಳಗಿನ ಕೊನೆಯ ತುತ್ತು ಅಲ್ಲೇ ನಿಂತಿತು. ಎಮ್ಮೆ ಈದ ಮೇಲೆ ಕಡೆದ ಮೊದಲ ಬೆಣ್ಣೆಯನ್ನು ಕಾಸಿ ಮೈಲಾರಲಿಂಗಪ್ಪನಿಗೆಂದು ತೆಗೆದಿಟ್ಟ ಮೀಸಲು ತುಪ್ಪ ಅದು. ಅಡವಿಯಲ್ಲಿ ಕುರಿಯನ್ನೂ ಮಗನನ್ನೂ ಕಾಯುವವನು ಅವನು. ಅವನ ಪಾಲನ್ನು ಮನೆಯವರು ಮುಟ್ಟಿದರೆ ಆ ಕಾವಲು ಉಳಿದೀತೇ? ಅದಕ್ಕೇ ಅದನ್ನು ಕಾಸುವಾಗ ಮರುಳಸಿದ್ದಮ್ಮ ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದಳು, ಬೆರಳಿಗೆ ಹತ್ತಿದ್ದನ್ನು ನೆಕ್ಕದೆ ಎಮ್ಮೆಯ ಕೊಂಬಿಗೆ ಒರೆಸುತ್ತಿದ್ದಳು. ಹರಪನಹಳ್ಳಿ ಪೇಟೆಯಲ್ಲಿ ಪಾಕೀಟಿನ ಹಾಲು ಕುಡಿದು ಬೆಳೆದ ಹುಡುಗಿಗೆ ಇದೆಲ್ಲ ಏನು ಗೊತ್ತು? ಹೇಳಬೇಕೆಂದು ತನಗಾದರೂ ಎಲ್ಲಿ ಹೊಳೆದಿತ್ತು? ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ!

"ಅಯ್ಯಯ್ಯೋ, ನನ್ನ ಬಾಯಾಗ ಮಣ್ಣು ಬೀಳ್ಲಿ! ದೇವ್ರ ಮೀಸಲು, ದೇವ್ರಿಗಿಂತ ಮೊದ್ಲು ನಾನ ತಿಂದೆನಲ್ಲೇ! ನನ್ನ ಮಗ ಅಡವ್ಯಾಗ ಅದಾನ!"

ಭೂಮಿಕಾಳ ಮುಖ ಬಿಳಿಚಿತು. ಅಡವಿಯಲ್ಲಿದ್ದವನು ಅವಳ ಗಂಡನೂ ಹೌದಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಗಂಟೆಯ ಸದ್ದಾಯಿತು. "ಏಳುಕೋಟಿ ಏಳುಕೋಟಿ ಏಳುಕೋಟಿಗೋ!" ಮೀಸಲು ಒಯ್ಯಲು ಬರುತ್ತೇನೆಂದು ಹೇಳಿಕಳಿಸಿದ್ದ ಗೊರವಪ್ಪ ಉಜ್ಜಿನಪ್ಪ, ಮೈಲಾರಲಿಂಗಪ್ಪನ ಕಂಬಳಿ ಹೊತ್ತವನು, ಬಂದು ನಿಂತಿದ್ದ.

ಮರುಳಸಿದ್ದಮ್ಮ ಓಡಿಹೋಗಿ ಅವನ ಕಾಲಿಗೆ ಬಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಿದಳು. "ಸೊಸಿದು ತಪ್ಪಿಲ್ಲಪ್ಪ, ಕೂಸು ಅದು. ತಿಂದಾಕಿ ನಾನು. ಏನ್ ಬರೋದಿದ್ರೂ ನನಗ ಬರ್ಲಿ, ಮಗನ ಮ್ಯಾಲೆ ಹೋಗಬ್ಯಾಡ ಅಂತ ಮೈಲಾರದ ಅಯ್ಯಗ ಹೇಳು."

ಗೊರವಪ್ಪ ಬಾಗಿ ಅವಳನ್ನು ಎಬ್ಬಿಸಿದ.

"ಹೆಂಗಿತ್ತು?"

"ಏನಪ್ಪಾ?"

"ತಿಂದೆಲ್ಲವ್ವ, ಹೆಂಗಿತ್ತು ಅಂದೆ."

ಆ ಕಂಬಳಿಯ ಮುಂದೆ ಸುಳ್ಳು ಹೇಳುವ ಧೈರ್ಯ ಅವಳಿಗಿರಲಿಲ್ಲ. "ಬಾಳ ಚಲೋ ಇತ್ತಪ್ಪ," ಎಂದಳು ಬಿಕ್ಕುತ್ತ. "ಅಂಥಾದ್ದು ನಾ ಹುಟ್ಟಿದಾಗಿಂದ ತಿಂದಿಲ್ಲ."

ಉಜ್ಜಿನಪ್ಪ ಜೋಳಿಗೆಯಿಂದ ಬಟ್ಟಲಿನಂಥ ಮರದ ದೋಣಿ ತೆಗೆದು ನೆಲಕ್ಕಿಟ್ಟು, ಸೊಸೆಯ ಕಡೆ ನೋಡಿ "ಹಾಕವ್ವ" ಎಂದ. ಭೂಮಿಕಾ ಬಿಸ್ಕತ್ತುಗಳನ್ನು ಮುರಿದು ದೋಣಿಗೆ ಹಾಕಿದಳು. ಮರುಳಸಿದ್ದಮ್ಮ ಮೇಲೆ ಹಾಲು ಹೊಯ್ದಳು. ಗೊರವಪ್ಪ ಎರಡೂ ಕೈ ನೆಲಕ್ಕೂರಿ, ಮಂಡಿಯ ಮೇಲೆ ಬಾಗಿ, ಗೊರವರ ಪದ್ಧತಿಯಂತೆ ಮೈಲಾರನ ನಾಯಿಯಾಗಿ ಗುರುಗುಟ್ಟುತ್ತ ದೋಣಿಗೆ ಬಾಯಿ ಹಾಕಿದ. ಅವನ ಸೊಂಟದ ಗಂಟೆಗಳು ಒಂದೇ ಸಮನೆ ಅಲುಗಿದವು. ಉಣ್ಣುತ್ತಿರುವವನು ಉಜ್ಜಿನಪ್ಪನಲ್ಲ ಎಂದು ಮರುಳಸಿದ್ದಮ್ಮನಿಗೆ ಅನ್ನಿಸಿತು. ಮೈಮೇಲಿನ ಕೂದಲೆಲ್ಲ ನಿಮಿರಿ ನಿಂತವು. ಅತ್ತೆ ಸೊಸೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು, ಯಾವಾಗ ಹಿಡಿದುಕೊಂಡರೋ ಇಬ್ಬರಿಗೂ ಗೊತ್ತಿಲ್ಲ.

ದೋಣಿ ನೆಕ್ಕಿ ಬರಿದು ಮಾಡಿ ಅವನು ತಲೆಯೆತ್ತಿದ. ಬಿಳಿ ಗಡ್ಡದ ತುಂಬ ಹಾಲು, ಬಿಸ್ಕತ್ತಿನ ಪುಡಿ. ಚೀಲದಿಂದ ಭಂಡಾರದ ಅರಿಶಿನ ತೆಗೆದು ಇಬ್ಬರ ಹಣೆಗೂ ಬಳಿದ.

"ಇಷ್ಟು ವರ್ಸ ಅಯ್ಯ ಒಬ್ಬನ ಕುಂತು ಉಂಡಾನ, ತಾಯಿ. ಇವತ್ತು ಜತಿಗೆ ಉಣ್ಣಾಕ ಒಬ್ರು ಸಿಕ್ಕೀರಿ. ಸಿಟ್ಟಾಗ್ತಾನೇನು?"

ಮರುಳಸಿದ್ದಮ್ಮ ತಟ್ಟೆಯಲ್ಲಿ ಉಳಿದಿದ್ದೊಂದನ್ನು ಮುರಿದು ಅರ್ಧ ಸೊಸೆಯ ಬಾಯಿಗಿಟ್ಟಳು. ಇನ್ನರ್ಧವನ್ನು ತಾನು ತಿಂದಳು, ಈ ಸಲ ಗೊತ್ತಿದ್ದೇ.